ಸಹಾಯ ಬೇಕು: ಕೆಲಸ ಕಳೆದುಕೊಂಡ ಮನೆಗಳಲ್ಲಿ ಸ್ತೋತ್ರ ಕೂಟ ಹೇಗೆ ನಡೆಸೋದು?

ಎಲ್ಲರಿಗೂ ಕ್ರಿಸ್ತನಲ್ಲಿ ವಂದನೆಗಳು. ಕೆಲಸ ಹೋಗಿರೋ, ಸಾಲದಲ್ಲಿರೋ ಕುಟುಂಬಗಳಿಗಾಗಿ ನಾಲ್ಕು ವಾರದ ಸ್ತೋತ್ರ ಕೂಟ, ಅಂದರೆ ದೇವರಿಗೆ ಕೃತಜ್ಞತೆ ಹೇಳೋ ಮನೆಕೂಟ, ಯೋಜಿಸ್ತಿದ್ದೇವೆ. ಒಂದೊಂದು 40 ನಿಮಿಷ, ಹೆಚ್ಚೆಂದರೆ ಹತ್ತು ಜನ.

ಪ್ರತಿ ವಾರ ಬೈಬಲಿನ ಒಂದು ಭಾಗ. ಮೊದಲ ವಾರ ಕೀರ್ತನೆ 13. ಆರೇ ವಚನ, ಮೊದಲೆರಡರಲ್ಲೇ "ಎಷ್ಟರವರೆಗೆ" ಅನ್ನೋ ಪ್ರಶ್ನೆ ನಾಲ್ಕು ಸಲ ಬರುತ್ತೆ, ಹಾಡು ಬರೋದು ಕೊನೆಗೆ. ಅಳು ಮುಗಿಯೋ ಮೊದಲೇ ಸ್ತೋತ್ರ ಹೇಳಿಸಿದರೆ ಜನ ಬಾಯಲ್ಲಿ ಹೇಳಿ ಮುಂದಿನ ವಾರ ಬರೋದೇ ಇಲ್ಲ. ಎರಡನೇದು ಹಬಕ್ಕೂಕ 3:17-18. ಅಂಜೂರ, ದ್ರಾಕ್ಷಿ, ಎಣ್ಣೆಮರ, ಹೊಲ, ಕುರಿಹಟ್ಟಿ, ಕೊಟ್ಟಿಗೆ, ಹೀಗೆ ಹೋದದ್ದನ್ನೆಲ್ಲ ಹೆಸರಿಟ್ಟು ಎಣಿಸಿದ ಮೇಲೇ "ಆದರೂ ದೇವರಲ್ಲಿ ಸಂತೋಷಪಡುವೆನು" ಅನ್ನೋ ಮಾತು ಬರೋದು. ಅದೇ ತರ ಒಂದು ಚೀಟಿಯಲ್ಲಿ ತಮ್ಮ ನಷ್ಟ ಬರೆಯಲಿ, ಓದಿ ಹೇಳೋ ಒತ್ತಾಯ ಬೇಡ.

ಮೂರನೇದು 1 ಥೆಸಲೋನಿಕ 5:18. ಎಲ್ಲಾ ಸ್ಥಿತಿಯಲ್ಲಿ ಸ್ತೋತ್ರ ಅಂತ ಇದೆ. ಕೆಲಸ ಹೋದದ್ದಕ್ಕೇ ಸ್ತೋತ್ರ ಮಾಡಿ ಅಂತ ಅಲ್ಲ. ಕೊನೇದು ಫಿಲಿಪ್ಪಿ 4:11-18. ಪೌಲ ಬಂಧನದಲ್ಲಿದ್ದು ಬರೆದದ್ದು, ತೃಪ್ತಿಯನ್ನು "ಕಲಿತೆ" ಅಂತಾನೆ. ನನ್ನನ್ನು ಬಲಪಡಿಸುವಾತನಿಂದ ಎಲ್ಲವನ್ನೂ ಮಾಡಬಲ್ಲೆ ಅನ್ನೋ 13ನೇ ವಚನವನ್ನಷ್ಟೇ ಗೋಡೆಗೆ ಅಂಟಿಸಿ ಬಿಡ್ತೀವಿ, ಆದರೆ ಮುಂದೆಯೇ ಫಿಲಿಪ್ಪಿ ಸಭೆಯವರು ಪೌಲನಿಗೆ ಕಳಿಸಿದ ಸಹಾಯದ ಲೆಕ್ಕ ಇದೆ. ಅಕ್ಕಿ ಚೀಲ ಇಲ್ಲದ ಉಪದೇಶ ಅಲ್ಲಿಗೆ ಒಗ್ಗಲ್ಲ.

ತೊಡಕು ಸಾಕ್ಷಿ ಹೇಳೋ ಹೊತ್ತಿನಲ್ಲಿ, ಅಂದರೆ ದೇವರು ತಮಗೆ ಮಾಡಿದ್ದನ್ನು ಒಬ್ಬೊಬ್ಬರು ಹಂಚಿಕೊಳ್ಳೋವಾಗ. ಒಬ್ಬರು ಹೊಸ ಕಾರಿಗೆ ಸ್ತೋತ್ರ ಅಂದರೆ ಪಕ್ಕದವರು ತಲೆ ತಗ್ಗಿಸ್ತಾರೆ. "ಈ ವಾರದ್ದು, ಒಂದೇ ವಾಕ್ಯ" ಅನ್ನೋ ನಿಯಮ ಸಾಕಾಗುತ್ತಾ? ಇಂಥ ಕೂಟ ನಡೆಸಿದ ಸಭಾಪಾಲಕರು, ಸಿಸ್ಟರ್‌ಗಳು ದಯವಿಟ್ಟು ತಿಳಿಸಿ. ಕೀರ್ತನೆ 13ಕ್ಕೆ ವಾದ್ಯ ಇಲ್ಲದೆ ಹಾಡಬಹುದಾದ ಕನ್ನಡ ರಾಗ ಇದ್ದರೆ ಆಡಿಯೋ ಹಾಕಿ.