1962ರ ಮೋರಿಸ್ ಮೈನರ್‌ಗೆ ಬ್ಲೂಟೂತ್ ಸ್ಟೀರಿಯೋ: ಡ್ಯಾಷ್ ಕೊರೆಯದೆ ಆಗುತ್ತಾ?

ಮೈನರ್_ಸವಾರ:
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 1962ರ ಮೋರಿಸ್ ಮೈನರ್ ಇದೆ. ಎಂಜಿನ್, ಬ್ರೇಕು, ಪೇಂಟು ಎಲ್ಲಾ ಒಂದು ಹಂತಕ್ಕೆ ಬಂತು, ಈಗ ಗಾಡಿಯಲ್ಲಿ ಹಾಡು ಬೇಕು ಅಂತ ಮನೆಯವರ ಒತ್ತಾಯ. ಡ್ಯಾಷ್ ಕೆಳಗಿನ ಶೆಲ್ಫ್‌ನಲ್ಲಿ ಹಿಂದಿನ ಯಾರೋ ಮಾಲೀಕರು ಕೂರಿಸಿದ ಎರಡು ತಿರುಗಿಸುವ ಗುಂಡಿಯ ಹಳೇ ರೇಡಿಯೋ ಇದೆ. ಮೀಡಿಯಂ ವೇವ್ ಮಾತ್ರ. ಆನ್ ಮಾಡಿದರೆ ಗುಂಯ್ ಅನ್ನುತ್ತದೆ, ಅಷ್ಟೇ. ಸ್ಪೀಕರ್ ಒಂದೇ ಒಂದು, ಅದಕ್ಕೆ ರೇಡಿಯೋದಿಂದ ಬರುವ ವೈರೂ ಒಂದೇ.

ನನಗೆ ಬೇಕಿರುವುದು ಫೋನಿನಿಂದ ಬ್ಲೂಟೂತ್‌ನಲ್ಲಿ ಹಾಡು, ಆದರೆ ಎಫ್‌ಎಂ ಕೂಡ. ಡ್ಯಾಷ್‌ಗೆ ಗರಗಸ ತಾಗಿಸುವ ಮಾತೇ ಇಲ್ಲ. 50 ವ್ಯಾಟ್ x 4 ಅಂತ ಡಬ್ಬಿ ಮೇಲೆ ಬರೆದಿರುವ ಒಂದು ಸಿಂಗಲ್ ಡಿನ್ (ಕಾರ್ ಸ್ಟೀರಿಯೋಗಳ ಮಾಮೂಲಿ ಅಳತೆ) ಸೆಟ್ ನೋಡಿಟ್ಟಿದ್ದೇನೆ. ಕಪ್ಪು ವೈರ್ ಬಾಡಿಗೆ, ಹಳದಿ ಬ್ಯಾಟರಿಗೆ, ಕೆಂಪು ಕೀಗೆ ಕೊಟ್ಟರೆ ಮುಗೀತಲ್ವಾ? ಹಳೇ ಸ್ಪೀಕರನ್ನೇ ಉಳಿಸಿಕೊಳ್ಳಬಹುದಾ?

ಫ್ಯೂಸ್_ಭೈರ:
ತಡೀರಿ, ಏನನ್ನೂ ಜೋಡಿಸಬೇಡಿ. ಮೊದಲು ಬಾನೆಟ್ ಎತ್ತಿ, ಬ್ಯಾಟರಿಯಿಂದ ಬಾಡಿಗೆ ಹೋಗುವ ದಪ್ಪ ಪಟ್ಟಿ ಯಾವ ಕಡೆಯದು ಅಂತ ನೋಡಿ. ಆ ವರ್ಷದ ಮೈನರ್ ಕಾರ್ಖಾನೆಯಿಂದ ಬಂದದ್ದು ಪಾಸಿಟಿವ್ ಅರ್ತ್, ಅಂದರೆ ಇಡೀ ಬಾಡಿಯೇ ಪ್ಲಸ್. ಈಗಿನ ಸ್ಟೀರಿಯೋಗಳೆಲ್ಲ ನೆಗೆಟಿವ್ ಅರ್ತ್. ಅವುಗಳ ಲೋಹದ ಹೊರಕವಚ, ಆಂಟೆನಾ ಪ್ಲಗ್‌ನ ಹೊರಭಾಗ, ಕಪ್ಪು ವೈರು ಮೂರೂ ಒಳಗೆ ಮೈನಸ್‌ಗೇ ಸೇರಿರುತ್ತವೆ. ನಿಮ್ಮ ಗಾಡಿಗೆ ಹಾಗೇ ತಿರುಗಿಸಿ ಕೂರಿಸಿದರೆ ಮೊದಲ ದಿನವೇ ಸೆಟ್ ಸುಟ್ಟುಹೋಗುತ್ತದೆ. ಹಳೇ ಮಾಲೀಕರು ಯಾರಾದರೂ ಈಗಾಗಲೇ ಬದಲಿಸಿರಲೂಬಹುದು, ಅದಕ್ಕೇ ಮೊದಲು ನೋಡಿ ಅಂದೆ.

ಪಾಸಿಟಿವ್ ಇದ್ದರೆ ಎರಡು ದಾರಿ. ಒಂದು, ಒಳಬರುವ ಕರೆಂಟಿಗೂ ಹೊರಹೋಗುವ ಕರೆಂಟಿಗೂ ನೇರ ಸಂಬಂಧವೇ ಇಲ್ಲದ ಐಸೊಲೇಟೆಡ್ ಕನ್ವರ್ಟರ್ ಹಾಕಿ ಅದರಿಂದ ಸೆಟ್‌ಗೆ ಮಾತ್ರ ಕರೆಂಟ್ ಕೊಡುವುದು. ಎರಡು, ಇಡೀ ಗಾಡಿಯನ್ನೇ ನೆಗೆಟಿವ್ ಅರ್ತ್ ಮಾಡುವುದು. ನನ್ನ ಓಟು ಎರಡನೆಯದಕ್ಕೆ. ಕೇಳಿದರೆ ದೊಡ್ಡ ಕೆಲಸ ಅನಿಸುತ್ತದೆ, ಮೈನರ್‌ನಲ್ಲಿ ಅಷ್ಟೇನಿಲ್ಲ.

ಬ್ಯಾಟರಿಯನ್ನು ತಿರುಗಿಸಿ ಕೂರಿಸಿ. ಇಲ್ಲಿ ಒಂದು ವಿಷಯ: ಬ್ಯಾಟರಿಯ ಪ್ಲಸ್ ಕಂಬ ಮೈನಸ್ ಕಂಬಕ್ಕಿಂತ ದಪ್ಪ. ಹಳೇ ಕ್ಲಾಂಪ್‌ಗಳನ್ನೇ ಅದಲುಬದಲು ಹಾಕಿದರೆ ಒಂದು ಕೂರುವುದಿಲ್ಲ, ಇನ್ನೊಂದು ಸಡಿಲವಾಗಿ ಅಲ್ಲಾಡುತ್ತದೆ. ಕ್ಲಾಂಪ್‌ಗಳನ್ನೂ ಬದಲಿಸಿ. ಇಗ್ನಿಷನ್ ಕಾಯಿಲ್ ಮೇಲಿನ ಎರಡು ಸಣ್ಣ ವೈರ್ ಅದಲುಬದಲು ಮಾಡಿ. ಮಾಡದಿದ್ದರೂ ಎಂಜಿನ್ ಓಡುತ್ತದೆ, ಆದರೆ ಸ್ಪಾರ್ಕ್‌ನ ಜೋರು ಕಡಿಮೆ.

ಆಮೇಲೆ ಡೈನಮೋ, ಅಂದರೆ ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವ ಯಂತ್ರ. ಅದಕ್ಕೆ ಹೊಸ ದಿಕ್ಕು ಕಲಿಸಬೇಕು. ಬ್ಯಾಟರಿಯನ್ನು ಹೊಸ ರೀತಿಯಲ್ಲಿ ಜೋಡಿಸಿದ ಮೇಲೆ ಡೈನಮೋದ ಎರಡೂ ವೈರ್ ಕಳಚಿ. ಬ್ಯಾಟರಿಯ ಪ್ಲಸ್‌ನಿಂದ ಒಂದು ತುಂಡು ವೈರ್ ತಂದು ಡೈನಮೋದ ಸಣ್ಣ ಟರ್ಮಿನಲ್‌ಗೆ, ಅಂದರೆ ಎಫ್ ಅಂತ ಬರೆದಿರುವುದಕ್ಕೆ, ಸುಮ್ನೆ ಕ್ಷಣಮಾತ್ರ ನಾಲ್ಕಾರು ಸಲ ತಾಗಿಸಿ. ಚಿಟ್ ಅಂತ ಸಣ್ಣ ಕಿಡಿ ಹಾರುತ್ತದೆ. ಅಷ್ಟೇ, ವೈರ್‌ಗಳನ್ನು ವಾಪಸ್ ಹಾಕಿ. ಇದನ್ನು ಬಿಟ್ಟು ಎಂಜಿನ್ ಸ್ಟಾರ್ಟ್ ಮಾಡಿದರೆ ಡೈನಮೋ ಉಲ್ಟಾ ಕರೆಂಟ್ ಹುಟ್ಟಿಸಿ ರೆಗ್ಯುಲೇಟರ್ (ಡೈನಮೋ ಕರೆಂಟನ್ನು ಹತೋಟಿಯಲ್ಲಿಡುವ ಡಬ್ಬಿ) ಕಾಂಟ್ಯಾಕ್ಟ್‌ಗಳನ್ನೇ ಸುಡುತ್ತದೆ. ಮುಗಿದ ಮೇಲೆ ಬಾನೆಟ್ ಒಳಗೆ ಕಣ್ಣಿಗೆ ಬೀಳುವ ಕಡೆ "ನೆಗೆಟಿವ್ ಅರ್ತ್" ಅಂತ ದಪ್ಪಗೆ ಬರೆದು ಅಂಟಿಸಿ, ಮುಂದೆ ಗಾಡಿ ಯಾರ ಕೈಗೆ ಹೋಗುತ್ತದೋ ಯಾರಿಗೆ ಗೊತ್ತು.

ಮೂಲರೂಪ_ರಾಯ:
ಸ್ಟೀರಿಯೋ ಒಂದಕ್ಕಾಗಿ ಅರವತ್ತು ವರ್ಷ ಹಾಗೇ ಇದ್ದ ಗಾಡಿಯ ಅರ್ತ್ ತಿರುಗಿಸುವುದು ನನಗಂತೂ ಒಪ್ಪಿಗೆ ಇಲ್ಲ. ಆ ಹಳೇ ರೇಡಿಯೋವನ್ನೂ ಕಸ ಅಂದುಕೊಳ್ಳಬೇಡಿ ಸ್ವಾಮಿ. ಗುಂಯ್ ಅಂತಿದೆ ಅಂದರೆ ಜೀವ ಇದೆ ಅಂತಾನೇ ಅರ್ಥ, ಹೆಚ್ಚಾಗಿ ಒಳಗಿನ ಕೆಪಾಸಿಟರ್‌ಗಳು ಒಣಗಿರುತ್ತವೆ. ಹಳೇ ರೇಡಿಯೋ ರಿಪೇರಿ ಬಲ್ಲವರು ಅವನ್ನು ಬದಲಿಸಿ, ವಾಲ್ಯೂಮ್ ಗುಂಡಿಯ ಹತ್ತಿರ ಒಂದು ಇನ್‌ಪುಟ್ ತೆಗೆದು ಬ್ಲೂಟೂತ್ ಬೋರ್ಡ್ ಸೇರಿಸಿಕೊಡುತ್ತಾರೆ. ಹೊರಗೆ ಒಂದು ಸ್ಕ್ರೂ ಕೂಡ ಬದಲಾಗುವುದಿಲ್ಲ. ನಡುವೆ ಸ್ಪೀಡೋಮೀಟರ್ ಒಂದೇ ಇರುವ ಅಷ್ಟು ಚೆಂದದ ಡ್ಯಾಷ್ ಕೆಳಗೆ ನೀಲಿ ಲೈಟ್ ಮಿಣಮಿಣ ಅನ್ನುವ ಸೆಟ್ ನೋಡಿದರೆ ಹೊಟ್ಟೆ ಉರಿಯುತ್ತದೆ.

ಇನ್ನೊಂದು ಮಾತು, ಫೋನಿನ ಹಾಡನ್ನು ಎಫ್‌ಎಂ ಮೂಲಕ ರೇಡಿಯೋಗೆ ಕಳಿಸುವ ಟ್ರಾನ್ಸ್‌ಮಿಟರ್ ಹಾಕಿ ಅಂತ ಯಾರಾದರೂ ಅಂದರೆ ಕೇಳಬೇಡಿ. ನಿಮ್ಮದು ಮೀಡಿಯಂ ವೇವ್ ರೇಡಿಯೋ, ಅದಕ್ಕೆ ಎಫ್‌ಎಂ ಕೇಳಿಸುವುದೇ ಇಲ್ಲ.

ಫ್ಯೂಸ್_ಭೈರ:
ರಾಯರೇ, ನಿಮ್ಮ ದಾರಿ ಚೆನ್ನಾಗಿದೆ, ಆದರೆ ಅವರಿಗೆ ಸಿಗುವುದು ಮೋನೋ ಮತ್ತು ಅದೇ ಸೀದುಹೋದ ಒಂದು ಸ್ಪೀಕರ್. ಎಫ್‌ಎಂ ಕೂಡ ಇಲ್ಲ. ಇನ್ನು ಅರ್ತ್ ತಿರುಗಿಸಿದ್ದನ್ನು ಯಾವಾಗ ಬೇಕಾದರೂ ವಾಪಸ್ ತಿರುಗಿಸಬಹುದು. ಒಂದು ತೂತೂ ಕೊರೆಯಬೇಕಿಲ್ಲ.

ಕಿವಿಗೊಟ್ಟು_ಕೇಳಿ:
ಸ್ಪೀಕರ್ ಪ್ರಶ್ನೆಗೆ ಯಾರೂ ಸರಿಯಾಗಿ ಉತ್ತರ ಕೊಡಲಿಲ್ಲ. ವೈರ್ ಒಂದೇ ಬರುತ್ತದೆ ಅಂದಿರಿ. ಅಂದರೆ ಅದರ ಇನ್ನೊಂದು ತುದಿ ಬಾಡಿಗೆ ಸೇರಿದೆ. ಹೊಸ ಸೆಟ್‌ನ ಸ್ಪೀಕರ್ ವೈರ್ ಎರಡರಲ್ಲೂ ಬ್ಯಾಟರಿಯ ಅರ್ಧದಷ್ಟು, ಸುಮಾರು 6 ವೋಲ್ಟ್, ಸದಾ ನಿಂತಿರುತ್ತದೆ. ಅದರಲ್ಲಿ ಒಂದನ್ನು ಬಾಡಿಗೆ ಮುಟ್ಟಿಸಿದರೆ ಆಂಪ್ಲಿಫೈಯರ್ ಚಿಪ್ ಬಾಯಿ ಮುಚ್ಚಿಕೊಳ್ಳುತ್ತದೆ, ಇಲ್ಲವೇ ಸತ್ತೇ ಹೋಗುತ್ತದೆ. ಹಾಗಾಗಿ ಪ್ರತಿ ಸ್ಪೀಕರ್‌ಗೂ ಎರಡೆರಡು ವೈರ್ ಹೊಸದಾಗಿ ಎಳೆಯಿರಿ. ಬಿಳಿ ಮುಂದಿನ ಎಡ, ಬೂದು ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ. ಕಪ್ಪು ಗೆರೆ ಇರುವುದು ಆಯಾ ಜೋಡಿಯ ಮೈನಸ್.

ಜಾಗ ಒಂದೇ ಇದ್ದರೆ ಎರಡು ಕಾಯಿಲ್ ಇರುವ ಸ್ಪೀಕರ್ ಸಿಗುತ್ತದೆ, ಎಡ ಬಲ ಎರಡನ್ನೂ ಅದಕ್ಕೇ ಕೊಡಬಹುದು. ನಿಜವಾದ ಸ್ಟೀರಿಯೋ ಅನುಭವ ಬರಲ್ಲ, ಆದರೆ ಯಾವ ಚಾನೆಲ್ಲೂ ಕಳೆದುಹೋಗಲ್ಲ. ನನ್ನನ್ನು ಕೇಳಿದರೆ ಕಾಲಿನ ಪಕ್ಕದ ಪ್ಯಾನೆಲ್ ಮುಂದೆ ಪ್ಲೈವುಡ್ ಪೆಟ್ಟಿಗೆ ಮಾಡಿ ಎರಡು ಸ್ಪೀಕರ್ ಇಡಿ. ಬಾಗಿಲಿಗೆ ಹಾಕುವುದಾದರೆ ಗಾಜು ಪೂರ್ತಿ ಇಳಿಸಿ ಮ್ಯಾಗ್ನೆಟ್‌ಗೆ ತಗಲುತ್ತಾ ಅಂತ ಅಳೆದ ಮೇಲೇ ಕೈ ಹಾಕಿ.

50 ವ್ಯಾಟ್ ಅನ್ನುವುದು ಡಬ್ಬಿ ಮೇಲಿನ ಮಾತು. ನಿಜವಾಗಿ ಒಂದು ಚಾನೆಲ್‌ಗೆ ಸಿಗುವುದು 20 ವ್ಯಾಟ್ ಆಸುಪಾಸು. ಆ ಎಂಜಿನ್ ಸದ್ದಿಗೆ ಅದು ಸಾಕು.

ಮೈನರ್_ಸವಾರ:
ನೋಡಿದೆ, ಪಾಸಿಟಿವ್ ಅರ್ತೇ ಇದೆ. ಒಳ್ಳೆಯ ಕಾಲಕ್ಕೆ ಕೇಳಿದೆ. ಅರ್ತ್ ತಿರುಗಿಸುವುದು ಅಂತ ತೀರ್ಮಾನ. ರಾಯರ ಮಾತೂ ಬಿಡಲ್ಲ, ಹಳೇ ರೇಡಿಯೋ ವೈರ್ ಬಿಚ್ಚಿ ಬರೀ ನೋಟಕ್ಕೆ ಅಂತ ಅಲ್ಲೇ ಇರಲಿ, ಹೊಸ ಸೆಟ್ ಗ್ಲೋವ್‌ಬಾಕ್ಸ್ ಒಳಗೆ ಹೋಗುತ್ತದೆ. ಒಂದು ಭಯ ಇದೆ: ರಾತ್ರಿ ಹೆಡ್‌ಲೈಟ್ ಹಾಕಿ ಹಾಡೂ ಹಾಕಿದರೆ ಡೈನಮೋ ತಡೆಯುತ್ತಾ?

ಕಿವಿಗೊಟ್ಟು_ಕೇಳಿ:
ಮುಖಭಾಗ 180 x 50 ಮಿಲಿಮೀಟರ್ ಎಲ್ಲಾ ಸಿಂಗಲ್ ಡಿನ್‌ಗೂ ಒಂದೇ. ಆಳ ಮಾತ್ರ ಬೇರೆ ಬೇರೆ. ಸಿಡಿ ಇಲ್ಲದ ಸೆಟ್ ತಗೊಳ್ಳಿ, ತುಂಬಾ ಗಿಡ್ಡ ಇರುತ್ತದೆ, ಹಿಂದೆ ವೈರ್‌ಗೂ ಜಾಗ ಸಿಗುತ್ತದೆ.

ಫ್ಯೂಸ್_ಭೈರ:
ತಡೆಯುತ್ತದೆ, ಗಾಡಿ ಓಡುತ್ತಿರುವಾಗ. ಲೂಕಸ್ ಸಿ40 ಡೈನಮೋ ಆದರೆ 22 ಆಂಪ್ ಕೊಡುತ್ತದೆ. ಎರಡು ಹೆಡ್‌ಲೈಟ್‌ಗೆ 7-8 ಆಂಪ್, ಮಿಕ್ಕ ಲೈಟು, ಇಗ್ನಿಷನ್, ವೈಪರ್ ಸೇರಿ ಇನ್ನೂ ಹೆಚ್ಚುಕಡಿಮೆ ಅಷ್ಟೇ ಆಂಪ್. ಸ್ಟೀರಿಯೋ ಮಾಮೂಲಿ ವಾಲ್ಯೂಮ್‌ನಲ್ಲಿ ಎರಡು ಮೂರು ಆಂಪ್ ಎಳೆಯಬಹುದು. ಆದರೆ ಸಿಗ್ನಲ್‌ನಲ್ಲಿ ನಿಂತಾಗ ಡೈನಮೋ ಏನೂ ಕೊಡುವುದಿಲ್ಲ, ಕೆಂಪು ದೀಪ ಮಿನುಗುತ್ತಿರುವುದು ಅದಕ್ಕೇ. ಆಗ ಹಾಡೂ ಬೆಳಕೂ ಎರಡೂ ಬ್ಯಾಟರಿಯದ್ದೇ. ಸಬ್‌ವೂಫರ್ ಆಸೆ ಬಂದರೆ ಮಾತ್ರ ಆಲ್ಟರ್ನೇಟರ್ ಬಗ್ಗೆ ಯೋಚಿಸಿ.

ಹಳದಿ ವೈರನ್ನು ನೇರ ಬ್ಯಾಟರಿಯಿಂದ ತನ್ನಿ, ಬ್ಯಾಟರಿಯಿಂದ ಒಂದು ಗೇಣಿನೊಳಗೇ 10 ಆಂಪ್ ಫ್ಯೂಸ್ ಇರಲಿ. ಬಟ್ಟೆ ಸುತ್ತಿದ ಹಳೇ ವೈರ್‌ಗೆ ಕಚ್ಚಿಸಲೇಬೇಡಿ. ಬಗ್ಗಿಸಿದ ಕಡೆಯಲ್ಲೆಲ್ಲ ಅದರ ಸಿಪ್ಪೆ ಪುಡಿಪುಡಿಯಾಗಿ ಉದುರಿ ತಾಮ್ರ ಬರಿದಾಗಿರುತ್ತದೆ. ಗಾಡಿ ವಾರಗಟ್ಟಲೆ ನಿಲ್ಲುವುದಾದರೆ ಬ್ಯಾಟರಿಗೆ ಕಟ್‌ಆಫ್ ಸ್ವಿಚ್ ಹಾಕಿ. ಸ್ಟೇಷನ್ ಮೆಮೊರಿ ಹೋದರೆ ಹೋಗಲಿ.

ಮೂಲರೂಪ_ರಾಯ:
ಸರಿ, ಹಳೇ ಸೆಟ್ ಉಳಿಯಿತಲ್ಲ, ಅಷ್ಟು ಸಾಕು. ಎಂಜಿನ್ ಓಡುವಾಗ ಸ್ಪೀಕರ್‌ನಲ್ಲಿ ಟಿಕ್ ಟಿಕ್ ಸದ್ದು ಬಂದೇ ಬರುತ್ತದೆ, ಅದಕ್ಕೂ ಹೇಳಿಬಿಡುತ್ತೇನೆ. ಮೊದಲು ಬ್ಲೂಟೂತ್‌ನಲ್ಲಿ ಕೇಳಿ, ಆಮೇಲೆ ಎಫ್‌ಎಂನಲ್ಲಿ. ಎಫ್‌ಎಂನಲ್ಲಿ ಮಾತ್ರ ಸದ್ದಿದ್ದರೆ ಅದು ಆಂಟೆನಾ ಮೂಲಕ ಬರುತ್ತಿದೆ: ಆಂಟೆನಾ ಬುಡದ ಪೇಂಟ್ ಕೆರೆದು ಬಾಡಿಗೆ ಸರಿಯಾಗಿ ತಾಗಿಸಿ, ಸ್ಪಾರ್ಕ್ ಪ್ಲಗ್‌ಗಳಿಗೆ ರೆಸಿಸ್ಟರ್ ಇರುವ ಕ್ಯಾಪ್ ಹಾಕಿ. ಎರಡರಲ್ಲೂ ಇದ್ದರೆ ವೈರಿಂಗ್ ಮೂಲಕ ಬರುತ್ತಿದೆ. ಆಗ ಕಾಯಿಲ್‌ಗೆ ಕೀಯಿಂದ ಕರೆಂಟ್ ಬರುವ ಟರ್ಮಿನಲ್‌ಗೊಂದು, ಡೈನಮೋದ ದೊಡ್ಡ ಟರ್ಮಿನಲ್‌ಗೊಂದು 1 ಮೈಕ್ರೊಫ್ಯಾರಡ್ ಸಪ್ರೆಸರ್, ಅಂದರೆ ಸದ್ದು ಅಡಗಿಸುವ ಕೆಪಾಸಿಟರ್, ಹಾಕಿ. ಸಣ್ಣ ಎಫ್ ಟರ್ಮಿನಲ್‌ಗೆ ಮಾತ್ರ ಹಾಕಬೇಡಿ, ರೆಗ್ಯುಲೇಟರ್ ಹಾಳಾಗುತ್ತದೆ.

ಫ್ಯೂಸ್_ಭೈರ:
ಒಂದು ಮರೆತಿದ್ದೆ. ಬ್ಯಾಟರಿ ತಿರುಗಿಸುವ ಮೊದಲು ಪೆಟ್ರೋಲ್ ಪಂಪ್ ನೋಡಿ. ಹಳೇ ಎಸ್‌ಯು ಕಂಪನಿಯ ಪಂಪ್‌ಗೆ ಯಾವ ಕಡೆ ಆದರೂ ನಡೆಯುತ್ತದೆ, ಆದರೆ ಯಾರಾದರೂ ಡಯೋಡ್ ಅಥವಾ ಎಲೆಕ್ಟ್ರಾನಿಕ್ ಇರುವ ಹೊಸದು ಹಾಕಿದ್ದರೆ ಅದಕ್ಕೂ ಪ್ಲಸ್ ಮೈನಸ್ ಇರುತ್ತದೆ. ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದ್ದರೂ ಅಷ್ಟೇ. ಪಂಪ್ ಮೇಲಿನ ಲೇಬಲ್ ಫೋಟೋ ತೆಗೆದು ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.