ರಿಡಂಡೆನ್ಸಿಗೆ ನಮ್ಮ ಮಾತಿನಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕಾಗಿದೆ. ನಾನು ಮಲೆನಾಡಿನ ಒಂದು ಪತ್ತಿನ ಸಹಕಾರ ಸಂಘದಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತೇನೆ. 11 ಶಾಖೆ, ಎಲ್ಲದರ ಲೆಕ್ಕವೂ ಒಂದೇ ಸರ್ವರಿನಲ್ಲಿ. ಶಾಖೆಯ ಸಿಬ್ಬಂದಿಗೆ ಕನ್ನಡದಲ್ಲೇ ಒಂದು ಕೈಪಿಡಿ ಬರೆಯುತ್ತಿದ್ದೇನೆ, ‘ರಿಡಂಡೆನ್ಸಿ’ ಹತ್ತಿರ ಬಂದು ನಿಂತಿದೆ. ಅಂದರೆ ಒಂದು ನೆಟ್‌ವರ್ಕ್ ಲೈನು ಕೆಟ್ಟರೂ ಕೆಲಸ ನಿಲ್ಲದ ಹಾಗೆ ಇನ್ನೊಂದನ್ನು ಜೊತೆಗೇ ಇಟ್ಟುಕೊಂಡಿರುವುದು.

ನಿಘಂಟಿನ ದಾರಿ ಹಿಡಿದರೆ ‘ಪುನರುಕ್ತಿ’, ‘ಅನಗತ್ಯ’ ಅಂತ ಆಗುತ್ತದೆ. ಬರವಣಿಗೆಯ ವಿಷಯಕ್ಕೆ ಅದು ಸರಿ. ಎರಡನೇ ಲೈನನ್ನು ಅನಗತ್ಯ ಅಂತ ಕರೆದರೆ ಆಡಳಿತ ಮಂಡಳಿ ಆ ಖರ್ಚಿಗೆ ಯಾಕೆ ಒಪ್ಪುತ್ತದೆ? ‘ಬ್ಯಾಕಪ್’ ಅಂದರೂ ತೊಡಕು. ನಮ್ಮವರಿಗೆ ಬ್ಯಾಕಪ್ ಅಂದರೆ ರಾತ್ರಿ ತೆಗೆದಿಡುವ ಡೇಟಾದ ಪ್ರತಿ.

ಹೋದ ವರ್ಷ ಅಡಿಕೆ ದುಡ್ಡು ಬರುವ ಹೊತ್ತಿನಲ್ಲೇ ಒಂದು ಶಾಖೆಯ ನೆಟ್‌ವರ್ಕ್ ಕೈಕೊಟ್ಟಿತು. ಎರಡು ಕಂಪನಿಯ ಎರಡು ಲೈನು ಇದ್ದವು. ಆದರೆ ಎರಡೂ ರಸ್ತೆ ಬದಿಯ ಒಂದೇ ಗುಂಡಿಯಲ್ಲಿ ಬಂದಿದ್ದರಿಂದ ಜೆಸಿಬಿಯ ಒಂದೇ ಹೊಡೆತಕ್ಕೆ ಎರಡೂ ತುಂಡಾದವು. ಪಾಸ್‌ಬುಕ್ ಹಿಡಿದುಕೊಂಡ ಅಜ್ಜಿಯರು ಮಧ್ಯಾಹ್ನದ ತನಕ ಬೆಂಚಿನ ಮೇಲೆ ಕೂತಿದ್ದರು. ‘ಬ್ಯಾಕಪ್ ಇದೆ ಅಂದಿದ್ರಲ್ಲ ಸರ್, ಮತ್ಯಾಕೆ ನಿಂತಿದೆ?’ ಅಂತ ಮ್ಯಾನೇಜರ್ ಫೋನ್ ಮಾಡಿದರು. ಪ್ರತಿ ಇತ್ತು, ದಾರಿ ಇರಲಿಲ್ಲ. ಪದ ಸರಿಯಿದ್ದಿದ್ದರೆ ಅವರು ಮೊದಲೇ ಕೇಳುತ್ತಿದ್ದರು ಅಂತ ನನಗೆ ಈಗಲೂ ಅನಿಸುತ್ತದೆ.

ಸಂಘದ ಡ್ರೈವರಣ್ಣ ‘ಸ್ಟೆಪ್ನಿ’ ಅನ್ನಿ ಅಂದರು. ಡ್ರಾಯರ್‌ನಲ್ಲಿಟ್ಟ ಸಿಮ್ ಡಾಂಗಲ್‌ಗೆ ಅದು ಚೆನ್ನಾಗಿ ಒಪ್ಪುತ್ತದೆ: ಗಾಡಿ ನಿಲ್ಲಿಸಬೇಕು, ಇಳಿಯಬೇಕು, ಹಾಕಬೇಕು. ನಮಗೆ ಬೇಕಾದದ್ದು ಲಾರಿಯ ಹಿಂದಿನ ಜೋಡಿ ಟೈರಿನಂಥದ್ದು. ಒಂದು ಪಂಕ್ಚರ್ ಆದರೆ ಪಕ್ಕದ್ದು ಭಾರ ಹೊತ್ತು ಊರು ಮುಟ್ಟಿಸುತ್ತದೆ. ಹಾಗಂತ ‘ಜೋಡಿ ಲೈನು’ ಅಂದರೆ ಒಟ್ಟೊಟ್ಟಿಗೆ ಹೋಗುವುದು ಅನ್ನುವ ಅರ್ಥ ಬರುತ್ತದೆ, ಅಲ್ವಾ? ಜೆಸಿಬಿಗೆ ಸಿಕ್ಕಿದ್ದು ಅದೇ ಕಾರಣಕ್ಕೆ. ‘ಬದಲಿ ದಾರಿ’ ಪರವಾಗಿಲ್ಲ, ಆದರೆ ಮೊದಲನೆಯದನ್ನು ಬಿಟ್ಟು ಹೋಗುವ ಹಾಗೆ ಕೇಳಿಸುತ್ತದೆ. ಸದ್ಯಕ್ಕೆ ‘ಒತ್ತಾಸೆ ದಾರಿ’ ಅಂತ ಬರೆದಿದ್ದೇನೆ. ಒತ್ತಾಸೆ ಅಂದರೆ ಜೊತೆಗೆ ನಿಂತು ಆಸರೆ ಕೊಡುವುದು. ಫೇಲ್‌ಓವರ್‌ಗೆ ‘ಲೈನು ಕೈಕೊಟ್ಟರೆ ತಾನಾಗಿಯೇ ಇನ್ನೊಂದಕ್ಕೆ ಹೊರಳುತ್ತದೆ’ ಅಂತ ಬಿಡಿಸಿ ಬರೆದೆ, ಅದು ಎಲ್ಲರಿಗೂ ತಿಳಿಯಿತು.

ಹೋಸ್ಟಿಂಗ್‌ಗೆ, ಅಂದರೆ ಡೇಟಾವನ್ನು ಬೇರೆಯವರ ಸರ್ವರಿನಲ್ಲಿ ಇಡುವುದಕ್ಕೆ, ‘ಆತಿಥ್ಯ’ ಅಂತ ಕೆಲವರು ಬರೆಯುತ್ತಾರೆ, ನನಗೆ ಹಿಡಿಸಲಿಲ್ಲ. ಅದು ನೆಂಟರಿಗೆ ಮಾಡುವುದು, ನಾವು ಬಾಡಿಗೆ ಕೊಟ್ಟು ಡೇಟಾ ಇಡುತ್ತಿದ್ದೇವೆ. ‘ಡೇಟಾ ನೆಲೆ’ ಸಾಕು. ‘ಶೇ. 99.9 ಅಪ್‌ಟೈಮ್’ ಅನ್ನುವುದಕ್ಕಂತೂ ಪದವೇ ಬೇಕಾಗಲಿಲ್ಲ. ‘ವರ್ಷಕ್ಕೆ ಸುಮಾರು 8 ಗಂಟೆ 45 ನಿಮಿಷ ನಿಲ್ಲಬಹುದು’ ಅಂದೆ, ಮುಗಿಯಿತು.

ನನ್ನ ಪ್ರಶ್ನೆ ಇಷ್ಟೇ. ‘ಒತ್ತಾಸೆ’ ನಿಮ್ಮ ಕಡೆ ಈಗಲೂ ಬಳಕೆಯಲ್ಲಿದೆಯಾ? ಎರಡನೆಯದು ಬೇರೆಯದೇ ದಾರಿಯಲ್ಲಿ ಬರಬೇಕು ಅನ್ನುವುದನ್ನೂ ಹೇಳುವ ಪದ ನಿಮ್ಮೂರಿನ ಮಾತಿನಲ್ಲಿ ಇದೆಯಾ? ನೀರಾವರಿ, ಕರೆಂಟು ಕೆಲಸದವರ ಹತ್ತಿರ ಇರಬಹುದು ಅಂತ ನನಗೆ ಆಸೆ. ಕೇಳಿ ತಿಳಿಸಿ.