ಬೀಟೆಯ ಹಿಡಿಗೆ ಬಳಿದ ವಾರ್ನಿಷ್ ಮೂರು ವಾರವಾದರೂ ಒಣಗುತ್ತಿಲ್ಲ

ಪ್ರಶ್ನೆ

ತಂದೆಯವರ ಊರುಗೋಲಿಗೆಂದು ಬೀಟೆ ಮರದ ಹಿಡಿಯೊಂದನ್ನು ಲೇತಿನಲ್ಲಿ ಕಡೆದಿದ್ದೇನೆ. ಅಂಗೈಯಲ್ಲಿ ಹಿತವಾಗಿ ಕೂರುವ ಗುಂಡು ಹಿಡಿ. ಚೇಗಿನ (ಮರದ ಒಳತಿರುಳಿನ) ಕಪ್ಪುಗೆಂಪಿನ ಪಕ್ಕದಲ್ಲಿ ಬೆರಳಗಲದ ಬಿಳಿಮರದ (ತೊಗಟೆಯ ಕಡೆಯ ತಿಳಿಬಣ್ಣದ ಭಾಗದ) ಪಟ್ಟಿಯೊಂದನ್ನು ಚೆಂದಕ್ಕೆಂದು ಬೇಕೆಂದೇ ಉಳಿಸಿಕೊಂಡೆ. ದಿನವೂ ಬೆವರುಗೈಯಲ್ಲಿ ಹಿಡಿಯುವ ವಸ್ತುವಾದ್ದರಿಂದ ಬರಿಯ ಮೇಣ ಸಾಲದೆಂದು ಭಾವಿಸಿ, 400ರ ಉಪ್ಪುಕಾಗದದವರೆಗೆ ಉಜ್ಜಿ, ಎಣ್ಣೆ ಆಧಾರಿತ ಪಾಲಿಯುರೆಥೇನ್ ವಾರ್ನಿಷನ್ನು ದಿನಕ್ಕೊಂದರಂತೆ ಮೂರು ಕೈ ಬಳಿದೆ. ಇಂದಿಗೆ ಮೂರು ವಾರವಾಯಿತು. ಹೆಬ್ಬೆರಳನ್ನು ಒಂದು ಕ್ಷಣ ಒತ್ತಿ ತೆಗೆದರೆ ಬೆರಳಿನ ಗೆರೆಗಳೆಲ್ಲ ಅಚ್ಚೊತ್ತಿದಂತೆ ಅದರ ಮೇಲೆ ಉಳಿಯುತ್ತವೆ. ಮೂಗಿನ ಬಳಿ ಹಿಡಿದರೆ ಡಬ್ಬಿಯನ್ನು ಈಗಷ್ಟೇ ತೆರೆದಂತೆ ವಾಸನೆ ಬರುತ್ತದೆ.

ಡಬ್ಬಿ ಹಳತಾಗಿರಬಹುದೆಂಬ ಸಂಶಯದಿಂದ ಅದೇ ವಾರ್ನಿಷನ್ನು ಮಾವಿನ ಮರದ ತುಂಡೊಂದಕ್ಕೆ ಬಳಿದು ನೋಡಿದೆ. ಮರುದಿನ ಮುಟ್ಟಿದಾಗ ಅದು ಪೂರ್ತಿ ಒಣಗಿತ್ತು. ಅದಕ್ಕಿಂತ ವಿಚಿತ್ರವೆಂದರೆ, ಹಿಡಿಯ ಬಿಳಿಮರದ ಪಟ್ಟಿಯ ಮೇಲೆ ವಾರ್ನಿಷ್ ಸರಿಯಾಗಿಯೇ ಗಟ್ಟಿಯಾಗಿದೆ, ಅಂಟಂಟಾಗಿರುವುದು ಚೇಗಿನ ಭಾಗ ಮಾತ್ರ. ಇನ್ನಷ್ಟು ದಿನ ಕಾಯಬೇಕೆ, ಬಿಸಿಲಿಗಿಡಬೇಕೆ, ಅಥವಾ ಎಲ್ಲವನ್ನೂ ತೆಗೆದು ಮೊದಲಿನಿಂದ ಆರಂಭಿಸಬೇಕೆ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1

ಕಾಯುವುದು ಬೇಡ, ಬಿಸಿಲಿಗಿಡುವುದಂತೂ ಬೇಡವೇ ಬೇಡ. ಕಾವಿಗೆ ಮರದೊಳಗಿನ ಎಣ್ಣೆ ಮತ್ತಷ್ಟು ತೆಳುವಾಗಿ ಮೇಲಕ್ಕೆ ಬರುತ್ತದೆ, ಹಿಡಿ ಸೀಳಿದರೂ ಸೀಳೀತು. ನಿಮ್ಮ ಪ್ರಶ್ನೆಗೆ ಉತ್ತರ ಆ ಬಿಳಿಮರದ ಪಟ್ಟಿಯಲ್ಲಿಯೇ ಇದೆ: ಒಂದೇ ದಿನ, ಒಂದೇ ಡಬ್ಬಿಯಿಂದ ಬಳಿದ ವಾರ್ನಿಷ್ ಅಲ್ಲಿ ಒಣಗಿ ಪಕ್ಕದ ಚೇಗಿನ ಮೇಲೆ ಒಣಗಿಲ್ಲವೆಂದರೆ ತಪ್ಪು ಡಬ್ಬಿಯದೂ ಅಲ್ಲ, ಹವೆಯದೂ ಅಲ್ಲ, ನಿಮ್ಮ ಕೈಯದೂ ಅಲ್ಲ.

ಎಣ್ಣೆ ವಾರ್ನಿಷ್ ಒದ್ದೆ ಬಟ್ಟೆಯಂತೆ ಆರಿ ಒಣಗುವ ವಸ್ತುವಲ್ಲ. ಅದರಲ್ಲಿರುವ ಥಿನ್ನರ್ ಮೊದಲ ಕೆಲವು ಗಂಟೆಗಳಲ್ಲಿ ಹಾರಿಹೋಗುತ್ತದೆ; ನಿಜವಾದ ಗಟ್ಟಿತನ ಬರುವುದು ಆಮೇಲೆ, ಉಳಿದ ಎಣ್ಣೆಯು ಗಾಳಿಯ ಆಮ್ಲಜನಕವನ್ನು ಹೀರಿಕೊಂಡು, ಅದರ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡಾಗ. ಈ ಕೊಂಡಿಗಳನ್ನು ಬೆಸೆಯುವುದು ಫ್ರೀ ರಾಡಿಕಲ್‌ಗಳೆಂಬ ಅಲ್ಪಾಯುಷಿ ಕಣಗಳು. ಬೀಟೆಯೂ ಅದರ ದಾಯಾದಿಯಾದ ಕೊಕೊಬೊಲೊ ಮರವೂ ಡಾಲ್ಬರ್ಜಿಯಾ ಕುಲದವು. ಹುಳುಹುಪ್ಪಟೆ ಮತ್ತು ಬೂಷ್ಟಿನಿಂದ ಕಾಪಾಡಿಕೊಳ್ಳಲು ನೆರವಾಗುವ ಫೀನಾಲ್ ಮತ್ತು ಕ್ವಿನೋನ್ ಜಾತಿಯ ವಸ್ತುಗಳನ್ನು ಈ ಮರಗಳು ಚೇಗು ಕಟ್ಟುವಾಗ ಅದರಲ್ಲಿ ತುಂಬಿಕೊಳ್ಳುತ್ತವೆ. ಆ ವಸ್ತುಗಳು ವಾರ್ನಿಷ್‌ನೊಳಗೆ ಕರಗಿ ಬಂದು, ರಾಡಿಕಲ್‌ಗಳನ್ನು ಹುಟ್ಟಿದಲ್ಲಿಯೇ ನುಂಗಿಬಿಡುತ್ತವೆ. ಖಾದ್ಯ ತೈಲ ಕಮಟಾಗದಿರಲೆಂದು ಬೆರೆಸುವ ಆಂಟಿಆಕ್ಸಿಡೆಂಟ್ ಮಾಡುವ ಕೆಲಸವೂ ಇದೇ. ಅಲ್ಲಿ ಎಣ್ಣೆ ಕೆಡಬಾರದು, ಇಲ್ಲಿ ಒಂದರ್ಥದಲ್ಲಿ ಎಣ್ಣೆ ಕೆಡಲೇಬೇಕು. ಬಿಳಿಮರದಲ್ಲಿ ಈ ವಸ್ತುಗಳು ಇಲ್ಲವೆನ್ನುವಷ್ಟು ಕಡಿಮೆ, ಆದ್ದರಿಂದ ಅಲ್ಲಿ ವಾರ್ನಿಷ್ ತನ್ನ ಪಾಡಿಗೆ ಒಣಗಿತು. ಅಗಸೆ ಎಣ್ಣೆ ಮತ್ತು ಟಂಗ್ ಎಣ್ಣೆ ಕೂಡ ಹೀಗೆಯೇ ಗಟ್ಟಿಯಾಗುವುದರಿಂದ, ವಾರ್ನಿಷ್ ಬಿಟ್ಟು ಅವುಗಳನ್ನು ಹಚ್ಚಿದರೂ ಇದೇ ಗೋಳು.

ಈಗ ಮಾಡಬೇಕಾದದ್ದು. ಒಣಗದ ವಾರ್ನಿಷನ್ನು ಉಪ್ಪುಕಾಗದದಿಂದ ತೆಗೆಯಲು ಹೋಗಬೇಡಿ, ಎರಡು ನಿಮಿಷದಲ್ಲಿ ಕಾಗದಕ್ಕೆ ಗೋಂದು ಮೆತ್ತಿದಂತಾಗುತ್ತದೆ. ಟರ್ಪೆಂಟೈನ್‌ನಲ್ಲಿ ಅದ್ದಿದ ಒರಟು ನಾರಿನಿಂದ ತಿಕ್ಕಿದರೆ ಬಹುಪಾಲು ಬಿಟ್ಟುಬರುತ್ತದೆ. ಅದು ಚೆನ್ನಾಗಿ ಆರಿದ ಮೇಲೆ ಹಿಡಿಯನ್ನು ಮತ್ತೆ ಲೇತಿಗೆ ಕಟ್ಟಿ, ಚೂಪಾದ ಕೆರೆಯುಳಿಯಿಂದ ತೆಳ್ಳಗೆ ಕೆರೆದು ಹೊಸ ಮರವನ್ನು ಹೊರತನ್ನಿ. ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಹೀರಿದ ಬಟ್ಟೆ ಒಳಗೊಳಗೇ ಕಾದು ತಾನಾಗಿ ಹೊತ್ತಿಕೊಂಡೀತು, ಬಿಡಿಸಿ ಹರವಿ ಒಣಗಿಸಿ. ಬೀಟೆಯ ಪುಡಿ ಕೆಲವರಿಗೆ ಚರ್ಮದ ತುರಿಕೆಯನ್ನೂ ಉಸಿರಿನ ತೊಂದರೆಯನ್ನೂ ತರುತ್ತದೆಯಾದ್ದರಿಂದ ಮಾಸ್ಕ್ ಹಾಕಿಕೊಳ್ಳಿ.

ಅನಂತರ ಮರಕ್ಕೂ ವಾರ್ನಿಷ್‌ಗೂ ನಡುವೆ ಒಂದು ಗೋಡೆ ಬೇಕು. ಅದಕ್ಕೆ ಅರಗಿಗಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು, ಸ್ಪಿರಿಟ್ ಹಾರಿಹೋದ ಮಾತ್ರಕ್ಕೆ ಒಣಗುತ್ತದೆ. ಅದಕ್ಕೆ ರಾಡಿಕಲ್‌ಗಳ ಹಂಗಿಲ್ಲವಾದ್ದರಿಂದ ಬೀಟೆಯ ಆಟ ಅದರ ಮುಂದೆ ನಡೆಯುವುದಿಲ್ಲ. ಆದರೆ ಅದು ಮೇಣ ತೆಗೆದ ಅರಗಾಗಿರಬೇಕು. ಅರಗಿನಲ್ಲಿ ಸ್ವಾಭಾವಿಕವಾಗಿಯೇ ನೂರಕ್ಕೆ ಸುಮಾರು 5 ಭಾಗದಷ್ಟು ಮೇಣವಿರುತ್ತದೆ, ಮತ್ತು ಆ ಮೇಣದ ಮೇಲೆ ಪಾಲಿಯುರೆಥೇನ್ ಸರಿಯಾಗಿ ಹಿಡಿಯುವುದಿಲ್ಲ. ಮೇಣ ತೆಗೆದದ್ದು ಸಿಗದಿದ್ದರೆ ದ್ರಾವಣವನ್ನು ಗಾಜಿನ ಸೀಸೆಯಲ್ಲಿ ಕೆಲವು ದಿನ ಅಲುಗಿಸದೆ ಇಡಿ; ಮೇಣ ಮಬ್ಬಾಗಿ ತಳಕ್ಕೆ ಇಳಿಯುತ್ತದೆ, ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಳ್ಳಿ. ಒಂದು ಲೀಟರ್ ಸ್ಪಿರಿಟ್‌ಗೆ 120 ಗ್ರಾಂ ಚಕ್ಕೆಯ ಲೆಕ್ಕದಲ್ಲಿ ತೆಳುವಾಗಿ ಕರಗಿಸಿ, ಗಂಟೆಗೊಂದರಂತೆ ಮೂರು ಕೈ ಹಚ್ಚಿ, ಒಂದು ರಾತ್ರಿ ಬಿಟ್ಟು, 400ರ ಕಾಗದವನ್ನು ಸವರಿದಂತೆ ಆಡಿಸಿ, ಅದರ ಮೇಲೆ ವಾರ್ನಿಷನ್ನು ತೆಳ್ಳಗೆ ಹಚ್ಚಿ. ಅರಗು ಕರಗಿಸಿ ವರ್ಷವಾದ ಸೀಸೆಯಿದ್ದರೆ ಅದನ್ನು ಬಳಸಬೇಡಿ. ಹಳೆಯ ದ್ರಾವಣ ತಾನೇ ಅಂಟಾಗಿ ಉಳಿಯುತ್ತದೆ, ಆಗ ಯಾವ ಅಂಟು ಯಾರದೆಂದು ತಿಳಿಯದೆ ತಲೆ ಕೆಡುತ್ತದೆ.

ಪ್ರಶ್ನೆ ಕೇಳಿದವರು

ವಿವರವಾದ ಉತ್ತರಕ್ಕೆ ಕೃತಜ್ಞತೆಗಳು. ಎರಡು ಸಂದೇಹಗಳಿವೆ. ಅಸಿಟೋನ್‌ನಿಂದ ಚೆನ್ನಾಗಿ ಒರೆಸಿದರೆ ಆ ಎಣ್ಣೆಯೆಲ್ಲ ಹೋಗಿ, ವಾರ್ನಿಷನ್ನು ನೇರವಾಗಿಯೇ ಬಳಿಯಬಹುದೆಂದು ಹಲವರು ಹೇಳುವುದನ್ನು ಕೇಳಿದ್ದೇನೆ. ಮತ್ತು ಅರಗು ಅಷ್ಟು ಒಳ್ಳೆಯದಾದರೆ ಅರಗನ್ನಷ್ಟೇ ಹಚ್ಚಿ ನಿಲ್ಲಿಸಬಾರದೇಕೆ?

ಉತ್ತರ 1ರ ಮುಂದುವರಿಕೆ

ಅಸಿಟೋನ್ ಮೇಲ್ಮೈಯನ್ನು ತೊಳೆಯುತ್ತದೆ, ಮರವನ್ನಲ್ಲ. ಬಿಳಿ ಕಾಗದಕ್ಕೆ ಅಸಿಟೋನ್ ಹಾಕಿ ಚೇಗನ್ನು ಒರೆಸಿ ನೋಡಿ: ಮೊದಲ ಕಾಗದ ದ್ರಾಕ್ಷಿ ರಸದಂತೆ ಕೆಂಪಾಗುತ್ತದೆ, ಐದನೆಯದು ಕಂದು, ಹತ್ತನೆಯದರ ಮೇಲೆಯೂ ಬಣ್ಣ ಬರುವುದು ನಿಲ್ಲುವುದಿಲ್ಲ. ಒರೆಸಿ ಬಿಟ್ಟರೆ ಒಳಗಿನದು ಮತ್ತೆ ಮೇಲೇರುತ್ತದೆ. ಆದ್ದರಿಂದ ಅರಗಿನ ಮೊದಲ ಕೈಗೆ ಸ್ವಲ್ಪ ಮುಂಚೆ ಒರೆಸುವುದು ಒಳ್ಳೆಯದು, ಏಕೆಂದರೆ ಲೇಪಕ್ಕೆ ಹಿಡಿತ ಸಿಗುತ್ತದೆ; ಗೋಡೆಯ ಬದಲಿಗೆ ಅದನ್ನೇ ನಂಬುವುದು ತಪ್ಪು. ಲೇತನ್ನು ನಿಲ್ಲಿಸಿ, ಕಿಟಕಿ ತೆರೆದು ಒರೆಸಿ. ಅಸಿಟೋನ್‌ನ ಆವಿ ಕೊರೆಯುವ ಚಳಿಯಲ್ಲಿಯೂ ಕಿಡಿಗೆ ಹೊತ್ತಿಕೊಳ್ಳುತ್ತದೆ.

ಅರಗಷ್ಟೇ ಸಾಕೇ ಎಂದರೆ, ಕಪಾಟಿನಲ್ಲಿ ಇಡುವ ಹೂಜಿಗಾದರೆ ಸಾಕು. ಊರುಗೋಲಿನ ಹಿಡಿಗೆ ಸಾಲದು. ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ ಎಂಬುದನ್ನು ಮರೆಯಬೇಡಿ: ತಂದೆಯವರು ಸ್ಯಾನಿಟೈಸರ್ ಹಚ್ಚಿದ ಕೈಯಿಂದ ಒಮ್ಮೆ ಹಿಡಿದರೆ ಮುಗಿಯಿತು, ಮೇಲ್ಮೈ ಮೆತ್ತಗಾಗಿ ಬೆರಳಚ್ಚು ಮತ್ತೆ ಮೂಡುತ್ತದೆ.

ಇನ್ನೊಂದು ಮಾತು ಹೇಳುವುದು ಬಿಟ್ಟುಹೋಗಿತ್ತು. ಚೇಗಿನ ಬಣ್ಣ ಸ್ಪಿರಿಟ್‌ನಲ್ಲಿ ಕೂಡ ಕರಗುತ್ತದೆ. ಒದ್ದೆ ಕುಂಚವನ್ನು ಚೇಗಿನಿಂದ ಬಿಳಿಮರದ ಕಡೆಗೆ ಎಳೆದರೆ ಪಟ್ಟಿಯ ತುಂಬ ಕೆಂಪು ಹರಡಿ, ನೀವು ಬೇಕೆಂದೇ ಉಳಿಸಿಕೊಂಡ ಚೆಂದವೇ ಹಾಳಾಗುತ್ತದೆ. ಮೊದಲು ಬಿಳಿಮರಕ್ಕೆ ಮಾತ್ರ ಹಚ್ಚಿ ಆರಲು ಬಿಡಿ. ಆಮೇಲೆ ಚೇಗಿಗೆ, ಎಳೆಯ ಉದ್ದಕ್ಕೆ, ಬಹುತೇಕ ಒಣಗಿದ ಬಟ್ಟೆಯಿಂದ. ಲೇತನ್ನು ತಿರುಗಿಸುತ್ತಾ ಹಚ್ಚುವುದು ಮೂರನೆಯ ಕೈಯಿಂದಾಚೆಗೆ ಇರಲಿ.

ಉತ್ತರ 2

ಮೇಲಿನವರ ಕಾರಣ ವಿವರಣೆಯನ್ನು ಒಪ್ಪುತ್ತೇನೆ, ಪರಿಹಾರವನ್ನು ಅರ್ಧ ಮಾತ್ರ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ ಕಡೆತದ ಕೆಲಸಕ್ಕೆ ಅರಗು, ಅದರ ಮೇಲೆ ವಾರ್ನಿಷ್ ಎಂದು ವಾರವಿಡೀ ಒದ್ದಾಡುವ ಅಗತ್ಯ ನನಗೆ ಕಂಡಿಲ್ಲ. ಪೆನ್ನು ಕಡೆಯುವವರಲ್ಲಿ ಬಹಳ ಮಂದಿ ಬಳಸುವ ಸೈಯನೋಅಕ್ರಿಲೇಟ್, ಅಂದರೆ ಕ್ಷಣದಲ್ಲಿ ಅಂಟುವ ಅದೇ ತೆಳು ಅಂಟು, ಗಟ್ಟಿಯಾಗುವುದು ಗಾಳಿಯಲ್ಲಿರುವ ಮತ್ತು ಮರದ ಮೇಲಿರುವ ತೇವಾಂಶದ ಪಸೆಯಿಂದ. ಅಲ್ಲಿಯೂ ರಾಡಿಕಲ್‌ಗಳ ಮಾತಿಲ್ಲ. ಒರೆಸಿ ಆರಿಸಿದ ಮರದ ಮೇಲೆ, ಲೇತನ್ನು ನಿಧಾನ ವೇಗದಲ್ಲಿ ತಿರುಗಿಸುತ್ತಾ, ಮಡಿಸಿದ ಟಿಶ್ಯೂ ಕಾಗದದಿಂದ ಎಂಟು ಹತ್ತು ತೆಳು ಪದರಗಳನ್ನು ಎಳೆದು, ನೀರು ಹಾಕಿ ನುಣ್ಣಗೆ ಉಜ್ಜಿದರೆ ಒಂದೇ ಮಧ್ಯಾಹ್ನದಲ್ಲಿ ಗಾಜಿನಂಥ ಮೇಲ್ಮೈ ಬರುತ್ತದೆ. ಬೆವರಿಗೂ ಸ್ಯಾನಿಟೈಸರ್‌ಗೂ ಅದು ಅರಗಿಗಿಂತ ಎಷ್ಟೋ ಚೆನ್ನಾಗಿ ತಡೆಯುತ್ತದೆ. ಹತ್ತಿ ಬಟ್ಟೆಯನ್ನು ಮಾತ್ರ ಮುಟ್ಟಬೇಡಿ. ಈ ಅಂಟು ಹತ್ತಿಗೆ ತಾಗಿದರೆ ಕೈ ಸುಡುವಷ್ಟು ಕಾದು ಹೊಗೆಯಾಡುತ್ತದೆ. ಅಲ್ಲದೆ ತಿರುಗುವ ಲೇತಿನ ಬಳಿ ಬಟ್ಟೆ ಸಿಕ್ಕಿಕೊಂಡರೆ ಬೆರಳನ್ನೂ ಜೊತೆಗೆ ಎಳೆದೊಯ್ಯುತ್ತದೆ, ಕಾಗದವಾದರೆ ಹರಿದುಹೋಗುತ್ತದೆ.

ಇದರ ದೋಷವನ್ನೂ ಹೇಳಬೇಕು. ಆ ಪದರ ಗಡಸು, ಆದರೆ ಬಾಗದು. ಕೋಲು ಕಲ್ಲಿನ ನೆಲದ ಮೇಲೆ ಬಿದ್ದರೆ ಬಿಳಿಯ ನಕ್ಷತ್ರದಂಥ ಬಿರುಕು ಮೂಡಬಹುದು, ಅದನ್ನು ಆ ಜಾಗದಲ್ಲಷ್ಟೇ ರಿಪೇರಿ ಮಾಡಿ ಗೊತ್ತಾಗದಂತೆ ಮಾಡುವುದು ಕಷ್ಟ. ಪದೇ ಪದೇ ಬೀಳುವ ಕೋಲಾದರೆ ಮೇಲಿನವರ ವಿಧಾನವೇ ಮೇಲು.

ಉತ್ತರ 3

ಈ ಚರ್ಚೆ ಓದಿ ಪೈನ್ ಮರಕ್ಕೂ ಇದೇ ಉಪಾಯವನ್ನು ಹೂಡುವವರಿಗಾಗಿ ಒಂದು ಮಾತು. ಎಣ್ಣೆಯ ಮರ ಬೇರೆ, ರಾಳದ ಮರ ಬೇರೆ. ಪೈನ್‌ನ ಮೇಲೆ ವಾರ್ನಿಷ್ ಒಣಗುತ್ತದೆ. ಒಣಗಿದ ಮೇಲೆ, ತಿಂಗಳುಗಳ ನಂತರ, ಗಂಟಿನ ಸುತ್ತ ರಾಳ ಜಿನುಗಿ ಪದರವನ್ನು ಒಳಗಿನಿಂದ ಎತ್ತುತ್ತದೆ. ಅಲ್ಲಿ ಮದ್ದು ಶಾಖ. ಮರವನ್ನು ಒಣಗಿಸುವಾಗಲೇ ಸುಮಾರು 70 ಡಿಗ್ರಿ ಸೆಲ್ಸಿಯಸ್‌ವರೆಗೆ, ಒಳತಿರುಳಿಗೂ ಕಾವು ತಲುಪುವಷ್ಟು ಹೊತ್ತು ಕಾಯಿಸಿದರೆ ರಾಳದಲ್ಲಿರುವ ಟರ್ಪೆಂಟೈನ್ ಹಾರಿಹೋಗಿ, ಉಳಿದದ್ದು ಗಟ್ಟಿಯಾಗಿ ಕೂರುತ್ತದೆ. ಕಡೆದು ಮುಗಿಸಿದ ಮೇಲೆ ಇದನ್ನು ಮಾಡಲು ಹೋದರೆ ವಸ್ತು ಸೊಟ್ಟಗಾಗುತ್ತದೆ. ಗಂಟುಗಳಿಗೆ ಮಾತ್ರ ಅರಗು ಇಲ್ಲಿಯೂ ಸೈ.

ಲಿಗ್ನಮ್ ವೈಟೆಯಂಥ ಮರ ಕೈಗೆ ಬಂದರೆ ಲೇಪದ ಆಸೆಯನ್ನೇ ಬಿಡುವುದು ಲೇಸು. ತನ್ನ ರಾಳವನ್ನೇ ಕೀಲೆಣ್ಣೆಯಾಗಿಸಿಕೊಂಡು ಹಡಗುಗಳ ತಿರುಗುದಂಡಕ್ಕೆ ಬೇರಿಂಗ್ ಆಗಿ ದುಡಿದ ಮರ ಅದು. ಅದಕ್ಕೆ ಯಾವ ಪದರ ತಾನೇ ಗಟ್ಟಿಯಾಗಿ ಅಂಟೀತು? 2000ರ ಕಾಗದದವರೆಗೆ ಉಜ್ಜಿ ಒಣ ಬಟ್ಟೆಯಿಂದ ತಿಕ್ಕಿದರೆ ತಾನೇ ಹೊಳೆಯುತ್ತದೆ.

ಪ್ರಶ್ನೆ ಕೇಳಿದವರು

ಹತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ಕೋಲನ್ನು ಬಾಗಿಲಿಗೆ ಒರಗಿಸಿ ಬೀಳಿಸುವುದು ತಂದೆಯವರ ನಿತ್ಯದ ಅಭ್ಯಾಸವಾದ್ದರಿಂದ ಅರಗಿನ ದಾರಿಯನ್ನೇ ಹಿಡಿದೆ. ಟರ್ಪೆಂಟೈನ್‌ಗೆ ಚೇಗಿನ ಮೇಲಿನ ವಾರ್ನಿಷೆಲ್ಲ ಲೋಳೆಯಂತೆ ಕರಗಿ ಬಂತು, ಬಿಳಿಮರದ ಮೇಲಿನದು ಜಗ್ಗಲಿಲ್ಲ. ಅದನ್ನು ಕೆರೆಯುಳಿಯಿಂದಲೇ ತೆಗೆಯಬೇಕಾಯಿತು. ಎಚ್ಚರಿಸಿದ್ದರೂ ಆತುರದಲ್ಲಿ ಒಮ್ಮೆ ಬಟ್ಟೆ ಅಡ್ಡ ಹೋಗಿ, ಪಟ್ಟಿಯ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಕೆಂಪು ಹರಿದಿದೆ, ಅದು ಹಾಗೆಯೇ ಉಳಿಯಿತು. ಅರಗು ಮೂರು ಕೈ, ಅದರ ಮೇಲೆ ಹಳೆಯ ಡಬ್ಬಿಯ ಅದೇ ವಾರ್ನಿಷ್ ಎರಡು ಕೈ. ಎರಡನೆಯ ದಿನವೇ ವಾಸನೆ ಇಳಿಯಿತು. ಇಂದು ಬೆಳಿಗ್ಗೆ ಚೇಗಿನ ಮೇಲೆ ಹೆಬ್ಬೆರಳನ್ನು ಒತ್ತಿ ಹಿಡಿದು ತೆಗೆದೆ, ಗೆರೆ ಮೂಡಲಿಲ್ಲ. ಪೂರ್ತಿ ಗಟ್ಟಿಯಾಗಲು ಇನ್ನೂ ಎರಡು ವಾರ ಬಿಟ್ಟು ಕೋಲಿಗೆ ಕೂರಿಸುತ್ತೇನೆ.